ಪ್ರಾಡೊಗೆ ಸಿಬಿ ರೇಡಿಯೊ ಹಾಕಬೇಕು: ಆಂಟೆನಾ ಯಾವುದು, ಎಲ್ಲಿ ಕೂರಿಸುವುದು?

ಪ್ರಾಡೊ_ಪಯಣಿಗ (ಮೆಲ್ಬರ್ನ್):

ಎಲ್ಲರಿಗೂ ನಮಸ್ಕಾರ. ಬರುವ ಜುಲೈನಲ್ಲಿ ಮೂರು ಗಾಡಿಗಳಲ್ಲಿ ಆಸ್ಟ್ರೇಲಿಯಾದ ಸಿಂಪ್ಸನ್ ಮರುಭೂಮಿ ದಾಟುವ ಯೋಚನೆ ಇದೆ. ಮೌಂಟ್ ಡೇರ್‌ನಿಂದ ಹೊರಟು, ಡಲ್‌ಹೌಸಿ ಬಿಸಿನೀರ ಬುಗ್ಗೆ ನೋಡಿಕೊಂಡು, ಫ್ರೆಂಚ್ ಲೈನ್ ಎಂಬ ಮರಳ ಹಾದಿ ಹಿಡಿದು ಬರ್ಡ್ಸ್‌ವಿಲ್ ಸೇರುವುದು. ನನ್ನದು 150 ಸರಣಿಯ ಡೀಸೆಲ್ ಪ್ರಾಡೊ, ಮುಂದೆ ಸ್ಟೀಲ್ ಬುಲ್‌ಬಾರ್ (ಗಾಡಿಯ ಮುಂಭಾಗ ಕಾಯುವ ಕಂಬಿ ಚೌಕಟ್ಟು) ಇದೆ. ಜೊತೆಗೆ ಬರುವ ಇಬ್ಬರ ಗಾಡಿಯಲ್ಲೂ ಯುಎಚ್‌ಎಫ್ ಸಿಬಿ (ಗಾಡಿಯಿಂದ ಗಾಡಿಗೆ ಮಾತಾಡುವ ಸಾರ್ವಜನಿಕ ರೇಡಿಯೊ) ಇದೆ, ನನ್ನದರಲ್ಲಿ ಮಾತ್ರ ಇಲ್ಲ. ಇಷ್ಟು ದಿನ ಕೈಲಿ ಹಿಡಿಯುವ ಸೆಟ್ಟಿನಲ್ಲೇ ಕಳೆದೆ. ಕ್ಯಾಂಪಿನಲ್ಲಿ ಅದು ಸಾಕು, ಆದರೆ ಗಾಡಿ ಒಳಗೆ ಕೂತು ಮಾತಾಡಿದರೆ ಎರಡು ತಿರುವು ಆಚೆ ಇರುವವರಿಗೂ ಸರಿಯಾಗಿ ಕೇಳಿಸುವುದಿಲ್ಲ.

ಅಂಗಡಿಯಲ್ಲಿ ವಿಚಾರಿಸಿದೆ. ದೊಡ್ಡ 9 ಡಿಬಿಐ (ಆಂಟೆನಾ ಅಲೆಯನ್ನು ಎಷ್ಟು ಒತ್ತಿ ದೂರ ಕಳಿಸುತ್ತದೆ ಎಂಬ ಅಳತೆ) ಆಂಟೆನಾ ತಗೊಳ್ಳಿ, ದೂರ ಹೋಗುತ್ತೆ ಅಂದರು. ಕೂಲಿಯೂ ಜಾಸ್ತಿ ಹೇಳಿದರು. ನನಗೆ ವೈರಿಂಗ್ ಕೆಲಸ ಸ್ವಲ್ಪ ಗೊತ್ತು, ಮಲ್ಟಿಮೀಟರ್ ಹಿಡಿಯಲು ಬರುತ್ತದೆ. ಹಾಗಾಗಿ ನಾನೇ ಮಾಡಬಹುದಾ? ಆಂಟೆನಾ ಬುಲ್‌ಬಾರ್ ಮೇಲೆ ಇರಬೇಕಾ, ಛಾವಣಿ ಮೇಲಾ? 9 ಡಿಬಿಐ ನಿಜಕ್ಕೂ ಬೇಕಾ? ಲೈಸೆನ್ಸ್ ಏನಾದರೂ ಮಾಡಿಸಬೇಕಾ? ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೇವೆ, ಸಂಪರ್ಕದ ವಿಷಯದಲ್ಲಿ ಅರೆಬರೆ ಕೆಲಸ ನನಗೆ ಬೇಡ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಅಡಿಲೇಡ್_ವೈರ್‌ಮನ್:

ಧಾರಾಳವಾಗಿ ನೀವೇ ಮಾಡಬಹುದು. ನಾನು ಗಾಡಿಗಳ ಎಲೆಕ್ಟ್ರಿಕಲ್ ಕೆಲಸವನ್ನೇ ಮಾಡುವವನು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಲೈಸೆನ್ಸ್. ಆಸ್ಟ್ರೇಲಿಯಾದಲ್ಲಿ ಸಿಬಿಗೆ ಕ್ಲಾಸ್ ಲೈಸೆನ್ಸ್ ಇದೆ. ಅಂದರೆ ನಿಯಮಕ್ಕೆ ಒಪ್ಪುವ ಸೆಟ್ ಇದ್ದರೆ ಸಾಕು, ಯಾರೂ ಬೇರೆ ಅರ್ಜಿ ಹಾಕಬೇಕಿಲ್ಲ, ಶುಲ್ಕವೂ ಇಲ್ಲ. 476.425ರಿಂದ 477.4125 ಮೆಗಾಹರ್ಟ್ಸ್‌ವರೆಗೆ 80 ಚಾನೆಲ್, ಹೆಚ್ಚೆಂದರೆ 5 ವ್ಯಾಟ್. ಅಗ್ಗದ ಸೆಟ್ಟಾಗಲಿ ದುಬಾರಿ ಸೆಟ್ಟಾಗಲಿ ಗಾಡಿಗೆ ಹಾಕುವುದೆಲ್ಲ ಸಾಮಾನ್ಯವಾಗಿ ಅದೇ 5 ವ್ಯಾಟ್. ಆದ್ದರಿಂದ ಯಾವ ಕಂಪನಿ ಎಂದು ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಜಿಎಂಇ, ಯುನಿಡೆನ್, ಓರಿಕಾಮ್, ಐಕಾಮ್, ಯಾವುದಾದರೂ ನಡೆಯುತ್ತದೆ. ಪ್ರಾಡೊ ಡ್ಯಾಶ್‌ಬೋರ್ಡಿನಲ್ಲಿ ಜಾಗ ಕಡಿಮೆ, ಹಾಗಾಗಿ ಗುಂಡಿ, ಡಿಸ್‌ಪ್ಲೇ, ಸ್ಪೀಕರ್ ಎಲ್ಲ ಮೈಕಿನಲ್ಲೇ ಇರುವ ಮಾದರಿ ತಗೊಳ್ಳಿ. ಪೆಟ್ಟಿಗೆಯನ್ನು ಸೀಟಿನ ಕೆಳಗೋ ಡ್ಯಾಶ್ ಹಿಂದೆಯೋ ಅಡಗಿಸಿಡಬಹುದು.

ದುಡ್ಡು ಹಾಕಬೇಕಾದ ಜಾಗ ಆಂಟೆನಾ ಮತ್ತು ಅದನ್ನು ಕೂರಿಸುವ ರೀತಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ನನ್ನ ಹತ್ತಿರ ರಿಪೇರಿಗೆ ಬರುವ ಗಾಡಿಗಳಲ್ಲಿ "ರೇಡಿಯೊ ಕೆಟ್ಟಿದೆ" ಅಂತ ಬರುವವರೇ ಹೆಚ್ಚು. ತೆಗೆದು ನೋಡಿದರೆ ರೇಡಿಯೊ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಕನೆಕ್ಟರ್, ಇಲ್ಲವೇ ಬಾನೆಟ್ ಸಂದಿಯಲ್ಲಿ ಸಿಕ್ಕಿ ಜಜ್ಜಿಹೋದ ಕೇಬಲ್.

ಡಿಬಿಐ ಲೆಕ್ಕ ಹೀಗೆ. ಆಂಟೆನಾ ತಾನಾಗಿ ಶಕ್ತಿ ಹುಟ್ಟಿಸುವುದಿಲ್ಲ. ಅಕ್ಕಿರೊಟ್ಟಿ ಹಿಟ್ಟಿನ ಉಂಡೆ ಒಂದೇ, ದಪ್ಪಗೆ ತಟ್ಟಿದರೆ ಅಗಲ ಕಮ್ಮಿ, ತೆಳ್ಳಗೆ ತಟ್ಟಿದರೆ ಅಗಲ ಜಾಸ್ತಿ. 3 ಡಿಬಿಐ ದಪ್ಪ ರೊಟ್ಟಿ: ಮೇಲಕ್ಕೂ ಕೆಳಕ್ಕೂ ಅಲೆ ಹರಡುತ್ತದೆ, ಬೆಟ್ಟದ ಹಾದಿಗೆ ಒಳ್ಳೆಯದು. 9 ಡಿಬಿಐ ತೆಳ್ಳನೆಯದು: ಸಪಾಟು ನೆಲದಲ್ಲಿ ದೂರ ಹೋಗುತ್ತದೆ, ಆದರೆ ಗಾಡಿ ಮುಂದಕ್ಕೋ ಹಿಂದಕ್ಕೋ ವಾಲಿದ ತಕ್ಷಣ ಅಲೆಯೆಲ್ಲ ನೆಲಕ್ಕೋ ಆಕಾಶಕ್ಕೋ ಹೋಗುತ್ತದೆ. ಸಿಂಪ್ಸನ್‌ನಲ್ಲಿ ಸಾವಿರಕ್ಕೂ ಮಿಕ್ಕಿ ಮರಳ ದಿಣ್ಣೆಗಳಿವೆ, ಗಾಡಿ ಇಡೀ ದಿನ ಮೂಗು ಎತ್ತಿ ಇಳಿಸಿ ಮಾಡುತ್ತಲೇ ಇರುತ್ತದೆ. ಅಲ್ಲಿಗೆ 6 ಅಥವಾ 6.6 ಡಿಬಿಐ ಸರಿಯಾದ ಆಯ್ಕೆ. 9 ಬೇಡವೇ ಬೇಡ.

ಜಾಗದ ವಿಷಯ. ಛಾವಣಿಯ ನಡುಮಧ್ಯೆ ಇದ್ದರೆ ಸಿಗ್ನಲ್ಲಿಗೆ ಬಹಳ ಒಳ್ಳೆಯದು, ಸುತ್ತ ಸಮನಾಗಿ ಲೋಹದ ತಗಡು ಸಿಗುತ್ತದೆ. ಆದರೆ ಮರದ ಕೊಂಬೆ, ಕಾರ್ ಪಾರ್ಕಿನ ಸೂರು, ರೂಫ್ ರ‍್ಯಾಕ್, ಟೆಂಟ್ ಎಲ್ಲ ಅಡ್ಡಿ. ನಿಮಗೆ ಬುಲ್‌ಬಾರೇ ಸರಿ. ಅದಕ್ಕೆ ಕೆಳಗೆ ಲೋಹದ ತಗಡು ಇಲ್ಲದೆಯೂ ಕೆಲಸ ಮಾಡುವ ಆಂಟೆನಾ ಬೇಕು. ಬುಡದಲ್ಲಿ ಉದ್ದನೆಯ ಲೋಹದ ಕೊಳವೆ ಇದ್ದು, ಅಲೆ ಹೊರಡುವ ಭಾಗ ಬಾನೆಟ್ ಮಟ್ಟಕ್ಕೆ ಏರಿರುವ ಮಾದರಿ ಸಿಗುತ್ತದೆ, ಅದನ್ನೇ ಕೇಳಿ. ಬುಡದಲ್ಲಿ ಸ್ಪ್ರಿಂಗ್ ಇರಲೇಬೇಕು. ಮೌಂಟ್ ಡೇರ್ ತಲುಪುವ ಹೊತ್ತಿಗೇ ತಗಡಿನ ಶೀಟಿನಂಥ ಏರಿಳಿತದ ರಸ್ತೆ ಗಾಡಿಯನ್ನು ಗಂಟೆಗಟ್ಟಲೆ ನಡುಗಿಸಿರುತ್ತದೆ. ಸ್ಪ್ರಿಂಗ್ ಇಲ್ಲದಿದ್ದರೆ ಮುರಿಯುವುದು ಆಂಟೆನಾ ಅಲ್ಲ, ಬುಲ್‌ಬಾರಿನ ಕಿವಿ (ಆಂಟೆನಾ ಕೂರಿಸುವ ಪಟ್ಟಿ). ನಟ್‌ಗೆ ಥ್ರೆಡ್ ಲಾಕ್ (ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ, ಪ್ರತಿ ಸಂಜೆ ಒಮ್ಮೆ ಕೈಯಿಂದ ತಿರುಗಿಸಿ ನೋಡಿ. ಇನ್ನೊಂದು, ಡ್ರೈವರ್ ಕಣ್ಣಿಗೆ ಅಡ್ಡ ಬರದಂತೆ ಎಡಗಡೆ ಹಾಕಿ.

ಕೇಬಲ್ ಬಗ್ಗೆ. ಡಬ್ಬಿಯಲ್ಲಿ ಸಾಮಾನ್ಯವಾಗಿ ಆರ್‌ಜಿ58 ಎಂಬ ಆಂಟೆನಾ ಕೇಬಲ್ ಬರುತ್ತದೆ, ಸುಮಾರು ಐದು ಮೀಟರ್. 477 ಮೆಗಾಹರ್ಟ್ಸ್‌ನಲ್ಲಿ ಅಷ್ಟು ಉದ್ದಕ್ಕೆ ಒಂದೂವರೆಯಿಂದ ಎರಡು ಡೆಸಿಬೆಲ್ ನಷ್ಟವಾಗುತ್ತದೆ. ಅಂದರೆ ನಿಮ್ಮ 5 ವ್ಯಾಟ್‌ನಲ್ಲಿ ಆಂಟೆನಾ ತಲುಪುವುದು ಮೂರು ಚಿಲ್ಲರೆ. ಹಾಗಾಗಿ ಬೇಕಾದಷ್ಟೇ ಉದ್ದ ಇಟ್ಟುಕೊಂಡು ಕತ್ತರಿಸಿ ಕನೆಕ್ಟರ್ ಬೆಸೆಯುವುದು ಒಳ್ಳೆಯದು. ಬೆಸುಗೆ ಕೈಹಿಡಿತ ಇಲ್ಲದಿದ್ದರೆ ಕತ್ತರಿಸಬೇಡಿ, ಉಳಿದ ಕೇಬಲನ್ನು ಬಿಗಿಯಾಗಿ ಸುರುಳಿ ಸುತ್ತದೆ ಅಗಲವಾಗಿ ಹಿಂದೆ ಮುಂದೆ ಮಡಚಿ ಕಟ್ಟಿ. ಎಂಜಿನ್ ಕೋಣೆಯಲ್ಲಿ ಎಕ್ಸಾಸ್ಟ್ ಮತ್ತು ಟರ್ಬೊ ಬದಿ ಬಿಟ್ಟು, ಮಡ್‌ಗಾರ್ಡ್ ಅಂಚಿನಲ್ಲಿ ತನ್ನಿ. ಒಳಗೆ ತರಲು ಫೈರ್‌ವಾಲ್‌ನಲ್ಲಿ (ಎಂಜಿನ್ ಕೋಣೆಗೂ ಕೂರುವ ಜಾಗಕ್ಕೂ ನಡುವಿನ ಗೋಡೆ) ವೈರಿಂಗ್ ಹಾದುಬರುವ ದೊಡ್ಡ ರಬ್ಬರ್ ಗ್ರೊಮೆಟ್ ಇರುತ್ತದೆ. ಅದರಲ್ಲೇ ಸಣ್ಣ ತೂತು ಮಾಡಿ, ಗಟ್ಟಿ ತಂತಿಗೆ ಕೇಬಲ್ ಕಟ್ಟಿ ಎಳೆದುಕೊಳ್ಳಿ, ಆಮೇಲೆ ಸಿಲಿಕೋನ್ ಹಚ್ಚಿ ಮುಚ್ಚಿ. ಹೊಸದಾಗಿ ಡ್ರಿಲ್ ಮಾಡುವ ಅಗತ್ಯ ಇಲ್ಲ. ಮುಂಗಾಜಿನ ಪಕ್ಕದ ಕಂಬದ ಒಳಗೆ ಏರ್‌ಬ್ಯಾಗ್ ಇರುತ್ತದೆ, ಅದರ ಮೇಲೆ ಹಾಯುವಂತೆ ಏನನ್ನೂ ಎಳೆಯಬೇಡಿ.

ಪವರ್ ನೇರ ಬ್ಯಾಟರಿಯಿಂದ. ಪ್ಲಸ್ ತಂತಿಗೆ ಬ್ಯಾಟರಿ ಹತ್ತಿರವೇ ಫ್ಯೂಸ್, ಸೆಟ್ಟಿನ ಪುಸ್ತಕದಲ್ಲಿ ಹೇಳಿದಷ್ಟೇ ಆಂಪಿಯರ್. ಸಿಗರೇಟ್ ಲೈಟರ್ ಸಾಕೆಟ್ ಬೇಡ. ಹೊಸ ಗಾಡಿಗಳಲ್ಲಿ ಬ್ಯಾಟರಿಯ ಮೈನಸ್ ಕಂಬದ ಮೇಲೆ ಕರೆಂಟ್ ಅಳೆಯುವ ಸೆನ್ಸರ್ ಇದ್ದರೆ ರೇಡಿಯೊದ ಮೈನಸ್ಸನ್ನು ಆ ಕಂಬಕ್ಕೆ ಕೊಡದೆ ಪಕ್ಕದ ಬಾಡಿ ಬೋಲ್ಟಿಗೆ ಕೊಡಿ.

ಕೊನೆಗೆ, ಆಂಟೆನಾ ಸಿಕ್ಕಿಸದೆ ಮೈಕಿನ ಗುಂಡಿ ಒತ್ತಲೇಬೇಡಿ. ಹೋಗುವ ಶಕ್ತಿಗೆ ದಾರಿ ಇಲ್ಲದೆ ಸೆಟ್ಟಿನ ಒಳಗಿನ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು.

ಬೆಟ್ಟದ_ಹಾದಿ (ಗಿಪ್ಸ್‌ಲ್ಯಾಂಡ್):

ಮೇಲಿನವರು ಹೇಳಿದ 9 ಡಿಬಿಐ ಮಾತಿಗೆ ನನ್ನದೂ ಸಹಿ. ನಾವು ಹೆಚ್ಚಾಗಿ ವಿಕ್ಟೋರಿಯಾದ ಹೈ ಕಂಟ್ರಿ ಬೆಟ್ಟಗಳಲ್ಲಿ ಓಡಾಡುವವರು. ಡಾರ್ಗೊ ಹತ್ತಿರ ಬಿಲ್ಲಿ ಗೋಟ್ ಬ್ಲಫ್ ಹಾದಿ ಇದೆ, ಪಿನಕಲ್ಸ್ ಕಡೆಗೆ ಏರುವಾಗ ಬಾನೆಟ್ ಬಿಟ್ಟರೆ ಬರೀ ಆಕಾಶ ಕಾಣುತ್ತದೆ. ಅಲ್ಲಿ ಮೇಲೆ ನಿಂತ ನನಗೆ ಕೆಳಗಿನಿಂದ ಏರುತ್ತಿದ್ದ ಗೆಳತಿಯ ಗಾಡಿ ಕಣ್ಣಿಗೆ ಕಾಣುತ್ತಿತ್ತು, ಅವಳ ಮಾತು ಮಾತ್ರ ಚೂರು ಚೂರು. ಅವಳದು ಉದ್ದನೆಯ 9 ಡಿಬಿಐ. ಅದನ್ನು ಬಿಚ್ಚಿ ನನ್ನ ಹತ್ತಿರ ಇದ್ದ ಗಿಡ್ಡ 3 ಡಿಬಿಐ ಕಡ್ಡಿ ಅದೇ ಬುಡಕ್ಕೆ ತಿರುಗಿಸಿದ ಮೇಲೆ ಇಳಿಯುವಾಗ ಪೂರ್ತಿ ಸ್ಪಷ್ಟ.

ಅದಕ್ಕೇ ಹೇಳುವುದು, ಕಡ್ಡಿ ಬದಲಿಸಬಹುದಾದ ಬುಡ ತಗೊಳ್ಳಿ. ಮರಳಿಗೆ ಒಂದು, ಬೆಟ್ಟಕ್ಕೆ ಒಂದು. ಊರೊಳಗೆ ಕಾರ್ ಪಾರ್ಕಿಗೆ ಹೋಗುವಾಗಲೂ ಗಿಡ್ಡದನ್ನೇ ಹಾಕಿಕೊಳ್ಳಬಹುದು.

ಕೈಲಿ ಹಿಡಿಯುವ ಸೆಟ್ ಮನೆಯಲ್ಲಿ ಬಿಟ್ಟು ಹೋಗಬೇಡಿ. ಗಾಡಿಯಿಂದ ಇಳಿದು ದಾರಿ ತೋರಿಸುವವರ ಕೈಯಲ್ಲಿ ಅದು ಇರಬೇಕು. ಕೂಗಾಡಿ ಕೈಸನ್ನೆ ಮಾಡುವುದಕ್ಕಿಂತ "ಎಡಕ್ಕೆ, ಇನ್ನೂ ಎಡಕ್ಕೆ, ನಿಲ್ಲಿಸು" ಅಂತ ಕಿವಿ ಪಕ್ಕದಲ್ಲಿ ಕೇಳಿದರೆ ಓಡಿಸುವವರ ಎದೆ ಬಡಿತ ಅರ್ಧ ಇಳಿಯುತ್ತದೆ.

ಪ್ರಾಡೊ_ಪಯಣಿಗ:

ಇಬ್ಬರಿಗೂ ತುಂಬಾ ಧನ್ಯವಾದ. 6.6 ಡಿಬಿಐ ತಗೊಂಡು, ಸ್ಪ್ರಿಂಗ್ ಸಮೇತ ಬುಲ್‌ಬಾರಿನ ಎಡ ಕಿವಿಗೆ ಕೂರಿಸಿ ಆಯಿತು. ಕೇಬಲ್ ಕತ್ತರಿಸಿ ಕನೆಕ್ಟರನ್ನೂ ಬೆಸೆದೆ. ರೇಡಿಯೊ ಹೊತ್ತಿಕೊಂಡಿದೆ, ಲಾರಿಯವರ ಮಾತು ಚಾನೆಲ್ 40ರಲ್ಲಿ ಚೆನ್ನಾಗಿ ಕೇಳುತ್ತಿದೆ. ಆದರೆ ಎರಡು ತೊಂದರೆ.

ಒಂದು, ಗೆಳೆಯನ ಎಸ್‌ಡಬ್ಲ್ಯೂಆರ್ ಮೀಟರ್ (ಆಂಟೆನಾದಿಂದ ಶಕ್ತಿ ಎಷ್ಟು ವಾಪಸ್ ಬರುತ್ತಿದೆ ಎಂದು ತಿಳಿಸುವುದು) ತಂದು ಅಳೆದರೆ 2.8 ತೋರಿಸುತ್ತಿದೆ. ಎರಡು, ಎಂಜಿನ್ ಚಾಲೂ ಮಾಡಿದರೆ ಯಾರೂ ಮಾತಾಡದಿದ್ದರೂ ಸ್ಪೀಕರ್‌ನಿಂದ ಝುಂಯ್ ಅಂತ ಬರುತ್ತದೆ, ಸ್ಕ್ವೆಲ್ಚ್ (ಮೆಲ್ಲನೆಯ ಸದ್ದನ್ನು ತಡೆಯುವ ಗುಂಡಿ) ಏರಿಸಿದರೆ ನಿಲ್ಲುತ್ತದೆ, ಆದರೆ ಆಗ ದೂರದ ಗಾಡಿಯೂ ಕೇಳುವುದಿಲ್ಲ. ಡೀಸೆಲ್ ಗಾಡಿಯಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಮತ್ತೆ ಈ ಸದ್ದು ಎಲ್ಲಿಂದ?

ಇನ್ನೊಂದು, ನಮ್ಮ ಜೊತೆ ಬರುವ ಒಬ್ಬರದು ಹಳೆಯ 40 ಚಾನೆಲ್ ಸೆಟ್. ನಡೆಯುತ್ತದಾ?

ಅಡಿಲೇಡ್_ವೈರ್‌ಮನ್:

ಮೊದಲು ಆ ಮೀಟರ್ ಯಾವುದು ನೋಡಿ. ಹಳೆಯ 27 ಮೆಗಾಹರ್ಟ್ಸ್ ಸಿಬಿಗೆ ಮಾಡಿದ ಮೀಟರ್ ಯುಎಚ್‌ಎಫ್‌ನಲ್ಲಿ ಮನಸ್ಸಿಗೆ ಬಂದ ಅಂಕಿ ತೋರಿಸುತ್ತದೆ. 27ರಲ್ಲಿ ಅಲೆಯ ಉದ್ದ ಸುಮಾರು 11 ಮೀಟರ್, 477ರಲ್ಲಿ 63 ಸೆಂಟಿಮೀಟರ್. ಎರಡೂ ಬೇರೆಯದೇ ಲೋಕ. ಮೀಟರಿನ ಹಿಂದೆ ಅದು ಯಾವ ಮೆಗಾಹರ್ಟ್ಸ್‌ವರೆಗೆ ಅಂತ ಬರೆದಿರುತ್ತದೆ.

ಮೀಟರ್ ಸರಿ ಇದ್ದು 2.8 ಬಂದರೆ ಅನುಮಾನ ನೀವು ಬೆಸೆದ ಕನೆಕ್ಟರ್ ಮೇಲೆ. ಆಂಟೆನಾ ಕಡೆಯ ತುದಿಯನ್ನೂ ರೇಡಿಯೊ ಕಡೆಯ ತುದಿಯನ್ನೂ ಬಿಚ್ಚಿ. ಮಲ್ಟಿಮೀಟರಿನ ಒಂದು ಮುಳ್ಳು ನಡುವಿನ ಪಿನ್ನಿಗೆ, ಇನ್ನೊಂದು ಹೊರ ಉಂಗುರಕ್ಕೆ. ಬೀಪ್ ಬಂದರೆ ಕೇಬಲ್ಲಿನ ಹೊರ ಜಾಲರಿಯ ಒಂದು ಎಳೆ ಒಳಗೆ ತಾಗಿದೆ ಅಂತ ಅರ್ಥ. ಆಂಟೆನಾ ಬಿಚ್ಚಿಯೇ ನೋಡಬೇಕು, ಯಾಕೆಂದರೆ ಕೆಲವು ಆಂಟೆನಾಗಳ ಒಳಗೆ ಅಲೆಗೆ ಅಡ್ಡಿಯಾಗದಂತೆ ಬೇಕೆಂದೇ ನೆಲಕ್ಕೆ ಜೋಡಿಸಿರುತ್ತಾರೆ, ಮೀಟರಿಗೆ ಅದು ಶಾರ್ಟ್ ಆದಂತೆ ಕಾಣುತ್ತದೆ. ಬೀಪ್ ಬರದಿದ್ದರೆ ಪಿನ್ನಿಂದ ಪಿನ್ನಿಗೆ, ಉಂಗುರದಿಂದ ಉಂಗುರಕ್ಕೆ ನೋಡಿ, ಕೇಬಲ್ ಅಲುಗಾಡಿಸುತ್ತಾ ನೋಡಿ. ಬೆಸುಗೆ ಹಾಕುವಾಗ ಜಾಸ್ತಿ ಹೊತ್ತು ಕಾಯಿಸಿದರೆ ಒಳಗಿನ ಬಿಳಿ ಪ್ಲಾಸ್ಟಿಕ್ ಕರಗಿ ನಡುವಿನ ತಂತಿ ಒಂದು ಬದಿಗೆ ಸರಿದಿರುತ್ತದೆ, ಅದೂ ಕಾರಣ ಆಗಬಹುದು. ಅನುಮಾನ ಇದ್ದರೆ ಎರಡು ಅಂಗುಲ ಕತ್ತರಿಸಿ ಹೊಸದು ಹಾಕಿ. 1.5ರ ಒಳಗೆ ಬಂದರೆ ಚೆನ್ನ, 2ರ ತನಕ ನಡೆಯುತ್ತದೆ. 3 ಅಂದರೆ ಶಕ್ತಿಯಲ್ಲಿ ಕಾಲು ಪಾಲು ವಾಪಸ್ ಬರುತ್ತಿದೆ ಅಂತ.

ಝುಂಯ್ ಸದ್ದಿಗೆ ಡ್ಯಾಶ್‌ಕ್ಯಾಮ್ ಇದೆಯಾ? ಫೋನ್ ಚಾರ್ಜರ್? ಎಲ್‌ಇಡಿ ಲೈಟ್‌ಬಾರ್? 12 ವೋಲ್ಟನ್ನು 5ಕ್ಕೆ ಇಳಿಸುವ ಅಗ್ಗದ ಅಡಾಪ್ಟರುಗಳು ಯುಎಚ್‌ಎಫ್‌ನಲ್ಲಿ ಸಿಕ್ಕಾಪಟ್ಟೆ ಗದ್ದಲ ಎಬ್ಬಿಸುತ್ತವೆ. ಎಂಜಿನ್ ಚಾಲೂ ಇಟ್ಟು, ಸ್ಕ್ವೆಲ್ಚ್ ಪೂರ್ತಿ ಇಳಿಸಿ, ಒಂದೊಂದನ್ನೇ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಸದ್ದು ನಿಲ್ಲುತ್ತದೋ ಅದೇ ಕಳ್ಳ. ಅದಕ್ಕೆ ಒಳ್ಳೆಯ ಅಡಾಪ್ಟರ್ ಹಾಕಿ, ತಂತಿಗೆ ಗದ್ದಲ ತಡೆಯುವ ಫೆರೈಟ್ ಮಣಿ ಸಿಕ್ಕಿಸಿ, ಆಂಟೆನಾ ಕೇಬಲ್‌ನಿಂದ ದೂರ ಸರಿಸಿ.

40 ಚಾನೆಲ್ ಸೆಟ್ ಧಾರಾಳವಾಗಿ ನಡೆಯುತ್ತದೆ. 2011ರಲ್ಲಿ 40 ಇದ್ದದ್ದನ್ನು 80 ಮಾಡಿದಾಗ ಒಂದೊಂದು ಚಾನೆಲ್ಲಿನ ಅಗಲ ಅರ್ಧಕ್ಕಿಳಿಯಿತು. ಹಾಗಾಗಿ ಅವರ ಸೆಟ್ಟಿನಲ್ಲಿ ನಿಮ್ಮ ದನಿ ಸ್ವಲ್ಪ ಮೆಲ್ಲಗೆ ಕೇಳುತ್ತದೆ, ನಿಮ್ಮದರಲ್ಲಿ ಅವರ ದನಿ ಜೋರಾಗಿ, ಒರಟಾಗಿ ಬರುತ್ತದೆ. ವಾಲ್ಯೂಮ್ ಸರಿಮಾಡಿಕೊಂಡರೆ ಆಯಿತು. 41ರಿಂದ 80ರವರೆಗಿನ ಚಾನೆಲ್ ಮಾತ್ರ ಅವರಿಗೆ ಸಿಗುವುದಿಲ್ಲ.

ಕೆಂಪುಮರಳು (ಪೋರ್ಟ್ ಅಗಸ್ಟಾ):

ಸೆಟ್ ಕೂರಿಸಿದ ಮೇಲೆ ಬಳಸುವುದನ್ನೂ ಕಲಿಯಬೇಕು, ಅದರ ಬಗ್ಗೆ ಯಾರೂ ಬರೆದಿಲ್ಲ ಅಲ್ವಾ, ಅದಕ್ಕೆ ಬರೆಯುತ್ತಿದ್ದೇನೆ.

ಸಿಂಪ್ಸನ್‌ನಲ್ಲಿ ಎಲ್ಲರೂ ಚಾನೆಲ್ 10ರಲ್ಲಿ ಇರುತ್ತಾರೆ. ಹೆದ್ದಾರಿಯಲ್ಲಿ 40 ಲಾರಿಗಳದು, 18 ಕ್ಯಾರವಾನ್‌ನವರದು. 5 ಮತ್ತು 35 ತುರ್ತಿಗೆ ಮಾತ್ರ, ಬೇರೆ ಮಾತಿಗೆ ಬಳಸುವುದು ಅಪರಾಧ. 22 ಮತ್ತು 23ರಲ್ಲಿ ಮಾತಾಡುವಂತಿಲ್ಲ, ಅವು ಯಂತ್ರಗಳ ಡೇಟಾಗೆ. ಮಕ್ಕಳ ಕೈಗೆ ಮೈಕ್ ಕೊಡುವ ಮುಂಚೆ ಇಷ್ಟನ್ನು ಹೇಳಿಕೊಡಿ.

ದಿಣ್ಣೆಗಳು ಉತ್ತರ ದಕ್ಷಿಣಕ್ಕೆ ಸಾಲಾಗಿ ಮಲಗಿವೆ, ನೀವು ಅಡ್ಡಡ್ಡ ದಾಟುತ್ತೀರಿ. ಪಶ್ಚಿಮದಿಂದ ಪೂರ್ವಕ್ಕೆ ಹೋಗುತ್ತಿರುವುದು ಒಳ್ಳೆಯದೇ, ಪಶ್ಚಿಮದ ಮೈ ಇಳಿಜಾರು ಕಡಿಮೆ, ಪೂರ್ವದ್ದು ಕಡಿದು. ಅಪಾಯ ಇರುವುದು ನೆತ್ತಿಯಲ್ಲಿ. ಎದುರು ಗಾಡಿ ಬರುತ್ತಿದ್ದರೆ ಕೊನೆಯ ಕ್ಷಣದವರೆಗೂ ಕಾಣುವುದಿಲ್ಲ. ಎರಡು ದಿಣ್ಣೆಗಳ ನಡುವಿನ ತಗ್ಗಿನಲ್ಲಿ ನಿಂತು ಮಾತಾಡಿದರೆ ಸಿಗ್ನಲ್ ಮರಳಿಗೆ ಬಡಿದು ಅಲ್ಲೇ ಸಾಯುತ್ತದೆ. ನೆತ್ತಿ ಮೇಲೆ ಬಂದಾಗ ಹೇಳಿ, ಆಗ ಅದೇ 5 ವ್ಯಾಟ್ ಹಲವು ಕಿಲೋಮೀಟರ್ ಹೋಗುತ್ತದೆ. ಏನು ಹೇಳಬೇಕು? ಎಷ್ಟು ಗಾಡಿ, ಯಾವ ಹಾದಿ, ಯಾವ ದಿಕ್ಕು. "ಮೂರು ಗಾಡಿ, ಫ್ರೆಂಚ್ ಲೈನ್, ಪೂರ್ವಕ್ಕೆ" ಇಷ್ಟೇ, ಇಂಗ್ಲಿಷಿನಲ್ಲಿ. ನಿಮ್ಮ ನಿಮ್ಮಲ್ಲಿ ಕನ್ನಡದಲ್ಲಿ ಹರಟೆ ಹೊಡೆಯಲು ಬೇರೆ ಚಾನೆಲ್ ಇಟ್ಟುಕೊಳ್ಳಿ, 10ನ್ನು ಸ್ಕ್ಯಾನಿನಲ್ಲಿ ಬಿಡಿ. ಎದುರು ಬರುವವನಿಗೆ ಅರ್ಥವಾಗದ ಮಾತಿನಿಂದ 10 ತುಂಬಿಹೋದರೆ ಎಲ್ಲರಿಗೂ ಅಪಾಯ.

ಮರಳಿನ ಬಾವುಟ ಕಡ್ಡಾಯ, ತುದಿ ನೆಲದಿಂದ ಕನಿಷ್ಠ 3.5 ಮೀಟರ್ ಎತ್ತರದಲ್ಲಿರಬೇಕು. ಅದನ್ನು ರೇಡಿಯೊ ಆಂಟೆನಾಗೆ ಕಟ್ಟುವವರನ್ನು ನೋಡಿದ್ದೇನೆ. ಬೇಡ. ಗಾಳಿಯ ಎಳೆತಕ್ಕೆ ಫೈಬರ್‌ಗ್ಲಾಸ್ ಬುಡದಲ್ಲೇ ಸೀಳುತ್ತದೆ. ಬುಲ್‌ಬಾರಿನ ಇನ್ನೊಂದು ಕಿವಿ ಬಾವುಟದ ಕೋಲಿಗೆ ಇರಲಿ.

ಕೊನೆಯದು ಮತ್ತು ನನಗೆ ಬಹಳ ಮುಖ್ಯವಾದದ್ದು. ಸಿಬಿ ನಿಮ್ಮ ಪಕ್ಕದ ಗಾಡಿಗಾಗಿ, ಎದುರಿನ ಗಾಡಿಗಾಗಿ. ಮಧ್ಯ ಮರುಭೂಮಿಯಲ್ಲಿ ಚಾನೆಲ್ 5ರಲ್ಲಿ ಕೂಗಿದರೆ ಕೇಳುವವರು ಇರುತ್ತಾರೆ ಎಂದು ನಂಬಬೇಡಿ. ಮಕ್ಕಳ ಜೊತೆ ಹೋಗುವಾಗ ಸ್ಯಾಟಲೈಟ್ ಫೋನ್ ಮತ್ತು 406 ಮೆಗಾಹರ್ಟ್ಸ್ ಬೀಕನ್ (ಉಪಗ್ರಹದ ಮೂಲಕ ತುರ್ತು ಸಂಕೇತ ಕಳಿಸುವ ಸಾಧನ) ಎರಡೂ ಗಾಡಿಯಲ್ಲಿ ಇರಲೇಬೇಕು. ಎರಡೂ ಬಾಡಿಗೆಗೆ ಸಿಗುತ್ತವೆ.

ಸಕಲೇಶಪುರ_ಜೀಪು:

ಓದಿ ಖುಷಿಯಾಯಿತು. ನಮ್ಮಲ್ಲೂ ತೋಟದ ಹಾದಿಗಳಲ್ಲಿ ನಾಲ್ಕೈದು ಜೀಪು ಒಟ್ಟಿಗೆ ಹೋಗುತ್ತೇವೆ, ಫೋನ್ ಸಿಗ್ನಲ್ ಇರುವುದಿಲ್ಲ. ಆಸ್ಟ್ರೇಲಿಯಾದಿಂದ ಬರುವವರ ಹತ್ತಿರ ಇದೇ ಸೆಟ್ ತರಿಸಿಕೊಂಡರೆ ಆಗುತ್ತದಾ?

ಹ್ಯಾಮ್_ಹವ್ಯಾಸಿ (ಮೈಸೂರು):

ದಯವಿಟ್ಟು ತರಿಸಬೇಡಿ. 476–477 ಮೆಗಾಹರ್ಟ್ಸ್ ಭಾರತದಲ್ಲಿ ಸಾರ್ವಜನಿಕರಿಗೆ ಬಿಟ್ಟ ಬ್ಯಾಂಡ್ ಅಲ್ಲ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೂ ತಪ್ಪು, ಕಸ್ಟಮ್ಸ್‌ನಲ್ಲೇ ಹಿಡಿಯಬಹುದು.

ಇಲ್ಲಿ ಲೈಸೆನ್ಸ್ ಬೇಡದ ದಾರಿ ಎರಡು. ಸಿಟಿಜನ್ ಬ್ಯಾಂಡ್ 26.957ರಿಂದ 27.283 ಮೆಗಾಹರ್ಟ್ಸ್, 5 ವ್ಯಾಟ್ ತನಕ. ಇನ್ನೊಂದು 2018ರಲ್ಲಿ ಬಿಟ್ಟ 446.0ರಿಂದ 446.2, ಕಡಿಮೆ ಶಕ್ತಿಯ ಕೈ ಸೆಟ್ಟುಗಳಿಗೆ. ಎರಡಕ್ಕೂ ಸರ್ಕಾರದ ಟೈಪ್ ಅಪ್ರೂವಲ್ ಇರುವ ಸೆಟ್ಟೇ ಆಗಬೇಕು. ಆನ್‌ಲೈನ್‌ನಲ್ಲಿ ಸಿಗುವ ಎಷ್ಟೋ ವಾಕಿ ಟಾಕಿಗಳಿಗೆ ಅದು ಇರುವುದಿಲ್ಲ, ಕೊಳ್ಳುವ ಮುಂಚೆ ಪ್ರಮಾಣಪತ್ರ ಕೇಳಿ.

ನಿಮ್ಮ ಗುಂಪಿಗೆ ನನ್ನ ಸಲಹೆ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್. 12 ವರ್ಷ ತುಂಬಿದ ಯಾರಾದರೂ ಪರೀಕ್ಷೆ ಬರೆಯಬಹುದು. ಪಾಸಾಗಿ ಲೈಸೆನ್ಸ್ ಬಂದರೆ 144–146 ಮತ್ತು 434–438 ಮೆಗಾಹರ್ಟ್ಸ್‌ನಲ್ಲಿ ಗಾಡಿಯಿಂದಲೇ ಮಾತಾಡಬಹುದು. ಆದರೆ ಮೈಕ್ ಹಿಡಿಯುವ ಪ್ರತಿಯೊಬ್ಬರಿಗೂ ಲೈಸೆನ್ಸ್ ಬೇಕು, ಒಬ್ಬರದನ್ನು ಇಡೀ ಗುಂಪು ಬಳಸುವಂತಿಲ್ಲ. ಆಂಟೆನಾ, ಕೇಬಲ್, ಫ್ಯೂಸ್ ವಿಷಯದಲ್ಲಿ ಅಡಿಲೇಡ್‌ನವರು ಬರೆದದ್ದೆಲ್ಲ ನಿಮ್ಮ ಜೀಪಿಗೂ ಹಾಗೇ ಅನ್ವಯ. ಘಾಟಿಯ ಹಾದಿ, ಹಾಗಾಗಿ ಗಿಡ್ಡ ಆಂಟೆನಾನೇ ತಗೊಳ್ಳಿ.

ಪ್ರಾಡೊ_ಪಯಣಿಗ:

ಸದ್ದಿನ ಕಳ್ಳ ಸಿಕ್ಕಿತು, ಡ್ಯಾಶ್‌ಕ್ಯಾಮ್ ಅಡಾಪ್ಟರ್. ಕನೆಕ್ಟರ್ ಮತ್ತೆ ಬೆಸೆದ ಮೇಲೆ 1.4 ಬರುತ್ತಿದೆ. ಬಾವುಟದ ಕೋಲಿಗೆ ಬಲ ಕಿವಿಯಲ್ಲಿ ಬ್ರಾಕೆಟ್ ಹಾಕಿಸುತ್ತೇನೆ. ಒಂದೇ ಒಂದು ಪ್ರಶ್ನೆ ಉಳಿದಿದೆ: ಓಡಿಸುವಾಗ ಮೈಕ್ ಕೈಯಲ್ಲಿ ಹಿಡಿದರೆ ಫೋನ್ ಹಿಡಿದ ಹಾಗೆ ದಂಡ ಬೀಳುತ್ತದಾ?

ಅಡಿಲೇಡ್_ವೈರ್‌ಮನ್:

ಆ ಫೋನ್ ನಿಯಮ ಸಿಬಿಗೆ ಅನ್ವಯಿಸುವುದಿಲ್ಲ. ಆಸ್ಟ್ರೇಲಿಯಾದ ರಸ್ತೆ ನಿಯಮದಲ್ಲಿ ಮೊಬೈಲ್ ಫೋನ್ ಅನ್ನುವುದರಿಂದ ಸಿಬಿ ಮತ್ತು ಇತರ ಟೂ-ವೇ ರೇಡಿಯೊಗಳನ್ನು ಹೊರಗಿಟ್ಟಿದ್ದಾರೆ. ಆದರೆ ಗಾಡಿ ಹಿಡಿತದಲ್ಲಿ ಇರಲೇಬೇಕು. ದಿಣ್ಣೆ ಏರುವಾಗ ಎರಡೂ ಕೈ ಸ್ಟೇರಿಂಗ್ ಮೇಲಿರಲಿ, ಮೈಕ್ ಪಕ್ಕದಲ್ಲಿ ಕೂತವರ ಕೈಯಲ್ಲಿರಲಿ. ಮೈಕ್ ಸಿಕ್ಕಿಸುವ ಕ್ಲಿಪ್ಪನ್ನು ಅವರ ಕೈಗೆಟುಕುವ ಬದಿಗೇ ಹಾಕಿ, ಗ್ಲೋವ್‌ಬಾಕ್ಸ್ ಮೇಲಿನ ಏರ್‌ಬ್ಯಾಗ್ ಮುಚ್ಚಳ ಬಿಟ್ಟು.